ಅಡ್ಡಹೆಸರಿಲ್ಲದ ಫೈಲುಗಳ ಕುಲನಿರ್ಣಯ: ನಾಲತವಾಡ ಸಿದ್ಧಾಂತ

ನಾಲತವಾಡದೊಳಗೆ ಯಾರನ್ನೂ ‘ನಾಲತವಾಡ’ ಎಂದು ಗುರುತಿಸಬೇಕಾದ ಪ್ರಮೇಯ ಬರುವುದಿಲ್ಲ. ಮುದ್ದೇಬಿಹಾಳ ತಾಲೂಕಿನ ಈ ಊರಿನ ಮನೆತನವೊಂದು ವಿಜಯಪುರಕ್ಕೋ ಹುಬ್ಬಳ್ಳಿಗೋ ಹೋಗಿ ನೆಲೆಸಿದ ಮೇಲಷ್ಟೇ ಊರ ಹೆಸರು ಅಡ್ಡಹೆಸರಾಗಿ ಅಂಟಿಕೊಳ್ಳುತ್ತದೆ. ಇಂಡಿ, ಸಿಂದಗಿ, ಬಾಗೇವಾಡಿಗಳ ಪಾಡೂ ಇದೇ. ಇಷ್ಟು ಸ್ಪಷ್ಟವಾದ ಸತ್ಯವನ್ನು ಗಣಕ ವಿದ್ವಾಂಸರು ಕಡೆಗಣಿಸಿರುವುದರಿಂದ ಈ ಪ್ರಬಂಧ ಅನಿವಾರ್ಯವಾಗಿದೆ. ನಮ್ಮ ಪ್ರತಿಪಾದನೆ ಇಷ್ಟೇ: ಫೈಲಿಗೂ ಅಡ್ಡಹೆಸರು ಬೇಕಾಗುವುದು ಊರು ಬಿಟ್ಟ ಮೇಲೆ. ಸರ್ವರ್ ತನ್ನ ಫೈಲನ್ನು ಕಳಿಸುವಾಗ ಅದು ಪಿಡಿಎಫೋ ಚಿತ್ರವೋ ಎಂಬುದನ್ನು ‘ಕಂಟೆಂಟ್-ಟೈಪ್’ ಎಂಬ ಚೀಟಿಯಲ್ಲಿ ಬರೆದೇ ಕಳಿಸುತ್ತದೆ. ಬ್ರೌಸರ್ ಆ ಚೀಟಿ ಓದಿಕೊಳ್ಳುತ್ತದೆ, ಆದರೆ ಫೈಲಿನ ಜೊತೆ ಅದನ್ನು ಕಟ್ಟಿ ಇಡುವುದಿಲ್ಲ. ಹೀಗಾಗಿ ಬಾಲದಲ್ಲಿ ಚುಕ್ಕೆಯೂ ಇಲ್ಲದೆ, ಮೂರಕ್ಷರವೂ ಇಲ್ಲದೆ, ಬರೀ ‘ಪಹಣಿ’ ಎಂಬ ಹೆಸರಿನ ಫೈಲೊಂದು ಡೌನ್‌ಲೋಡ್ ಫೋಲ್ಡರಿನಲ್ಲಿ ಬಂದು ಕೂತರೆ, ಇದನ್ನು ಯಾವುದರಲ್ಲಿ ತೆರೆಯಲಿ ಎಂದು ವಿಂಡೋಸ್ ನಮ್ಮನ್ನೇ ಕೇಳುತ್ತದೆ.

ಅಡ್ಡಹೆಸರಿದ್ದರೂ ನೆಚ್ಚುವಂತಿಲ್ಲ ಎಂಬುದಕ್ಕೆ ಜಿಲ್ಲೆಯ ತುಂಬ ಪುರಾವೆ ಇದೆ. ಬಡಿಗೇರ ಎಂಬುವರು ಬ್ಯಾಂಕಿನಲ್ಲಿರುತ್ತಾರೆ, ಪತ್ತಾರ ಎಂಬುವರು ಶಾಲೆಯಲ್ಲಿ ಗಣಿತ ಹೇಳುತ್ತಾರೆ. ಬಾಲವನ್ನು ಯಾರು ಬೇಕಾದರೂ ಹಚ್ಚಬಹುದು. ಆದ್ದರಿಂದ ಹಣೆಬರಹ ಓದಬೇಕು. ಯುನಿಕ್ಸ್‌ನ ‘ಫೈಲ್’ ಆಜ್ಞೆ 1973ರಿಂದಲೂ ಮಾಡುತ್ತ ಬಂದಿರುವುದು ಇದನ್ನೇ. ಪಿಡಿಎಫ್ ಶೇಕಡಾ ಚಿಹ್ನೆಯ ಬೆನ್ನಿಗೆ ತನ್ನ ಹೆಸರನ್ನೇ ಹೇಳಿಕೊಂಡು ಶುರುವಾಗುತ್ತದೆ. ಜೆಪೆಗ್ ಚಿತ್ರದ ಮೊದಲ ಎರಡು ಬೈಟುಗಳು ಎಫ್‌ಎಫ್, ಡಿ8. ಜಿಪ್ ಫೈಲಿನ ಹಣೆಯ ಮೇಲೆ ‘ಪಿಕೆ’ ಎಂದಿರುತ್ತದೆ, ಅದನ್ನು ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು. ವಿಂಡೋಸ್‌ನ ಇಎಕ್ಸ್‌ಇ ಫೈಲುಗಳು ಇವತ್ತಿಗೂ ಮಾರ್ಕ್ ಜ್ಬಿಕೋವ್‌ಸ್ಕಿಯವರ ‘ಎಂಜೆಡ್’ ಹೊತ್ತು ತಿರುಗುತ್ತವೆ. ಬಾಲ ಕಿತ್ತರೆ ಫೈಲಿಗೆ ಏನೂ ಆಗುವುದಿಲ್ಲ. ಹಣೆಬರಹ ಅಳಿಸಿದರೆ ಅದನ್ನು ತೆರೆಯಬೇಕಾದ ತಂತ್ರಾಂಶವೇ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ.

ಪೂರ್ವಪಕ್ಷದವರು ಇಲ್ಲಿ ಎರಡು ಆಕ್ಷೇಪ ಎತ್ತುತ್ತಾರೆ. ಮೊದಲನೆಯದು, ವರ್ಡ್‌ನ ಡಾಕ್ಸ್, ಎಕ್ಸೆಲ್‌ನ ಹಾಳೆ, ಮೊಬೈಲಿನ ಎಪಿಕೆ ಎಲ್ಲದರ ಹಣೆಯಲ್ಲೂ ‘ಪಿಕೆ’ ಎಂದೇ ಇದೆಯಲ್ಲ? ನಿಜ, ಅವೆಲ್ಲ ಒಂದೇ ಜಿಪ್ ಮನೆತನದವು. ಅಂಥಲ್ಲಿ ಹೊಸ್ತಿಲು ದಾಟಿ ಒಳಗಿನ ಸಾಮಾನು ನೋಡಬೇಕು: ‘ವರ್ಡ್’ ಎಂಬ ಫೋಲ್ಡರ್ ಇದ್ದರೆ ಅದು ಡಾಕ್ಸ್. ಎರಡನೆಯದು ಗಟ್ಟಿ ಆಕ್ಷೇಪ: ಬರೀ ಪಠ್ಯದ ಫೈಲಿಗೆ ಹಣೆಬರಹವೇ ಇಲ್ಲ. ಅದಕ್ಕೆ ನಡೆನುಡಿಯೇ ಸಾಕ್ಷಿ. ಯೂನಿಕೋಡ್ ಕನ್ನಡವನ್ನು ಯುಟಿಎಫ್-8ರಲ್ಲಿ ಉಳಿಸಿದಾಗ ಪ್ರತಿ ಸಂಕೇತಕ್ಕೂ ಮೂರು ಬೈಟು. ಮೊದಲನೆಯದು ಇ0, ಎರಡನೆಯದು ಬಿ2 ಅಥವಾ ಬಿ3. ಸಾಲುಸಾಲಾಗಿ ಇವೇ ಕಂಡರೆ ಕನ್ನಡವೆಂದು ಕಣ್ಣುಮುಚ್ಚಿ ಹೇಳಬಹುದು. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕುಟ್ಟಿದ ಪಠ್ಯದಲ್ಲಿ ಮಾತ್ರ ಯಂತ್ರ ಸೋಲುತ್ತದೆ. ಅಲ್ಲಿ ಒಳಗಿರುವುದು ರೋಮನ್ ಅಕ್ಷರಗಳ ಸಂಕೇತ, ಕನ್ನಡ ಇರುವುದು ಫಾಂಟಿನ ವೇಷದಲ್ಲಿ. ಅದನ್ನು ಯಾವುದೋ ಪರದೇಶದ ಬರಹವೆಂದು ಯಂತ್ರ ತೀರ್ಮಾನಿಸಿದರೆ ತಪ್ಪು ವೇಷದ್ದು, ಸಿದ್ಧಾಂತದ್ದಲ್ಲ.

ಕೊನೆಯ ಆಕ್ಷೇಪ ನೈತಿಕವಾದದ್ದು. ಬಸವಣ್ಣ ಹುಟ್ಟಿದ ಬಾಗೇವಾಡಿ ಪಕ್ಕದ ತಾಲೂಕಿನಲ್ಲೇ ಇರುವಾಗ, ಬಂದ ಫೈಲಿನ ಕುಲ ವಿಚಾರಿಸುವುದು ತರವೇ? ತರವಲ್ಲ ಎಂದು ಒಪ್ಪಿ, ಶೀರ್ಷಿಕೆಯ ‘ಕುಲ’ವನ್ನು ಇಲ್ಲಿಯೇ ಹಿಂದಕ್ಕೆ ಪಡೆಯಲಾಗಿದೆ. ನಾವು ಕೇಳುತ್ತಿರುವುದು ಕಾಯಕವನ್ನು. ವಾಟ್ಸ್ಆ್ಯಪ್‌ನಲ್ಲಿ ‘ಲಗ್ನಪತ್ರಿಕೆ’ ಎಂದು ಬಂದ ಫೈಲು ಜೆಪೆಗ್ ಚಿತ್ರವೇ ಆಗಿದ್ದರೆ ಎಫ್‌ಎಫ್ ಡಿ8 ಎಂದೋ, ಪಿಡಿಎಫ್ ಆಗಿದ್ದರೆ ಹಾಗೆಂದೋ ತಾನೇ ಹೇಳುತ್ತದೆ. ‘ಪಿಕೆ’ ಎಂದು ಬಾಯಿಬಿಟ್ಟರೆ ಅದು ಎಪಿಕೆ ಇರಬಹುದು, ಅದರ ಕಾಯಕ ಬ್ಯಾಂಕ್ ಖಾತೆ ಬರಿದು ಮಾಡುವುದೂ ಇರಬಹುದು. ಆದಕಾರಣ ನಾಲತವಾಡ ಸಿದ್ಧಾಂತದ ವಿಧಿ ಹೀಗಿದೆ: ಹೆಸರು ಕೇಳಿ ಚಹಾ ಕೊಡಿ, ಹಣೆಬರಹ ಓದಿ ಒಳಗೆ ಕರೆಯಿರಿ, ಲಗ್ನಕ್ಕೆ ಹೋಗುವ ಮುಂಚೆ ಬೀಗರಿಗೆ ಒಂದು ಫೋನ್ ಮಾಡಿ.