ವಿಶ್ವವಿದ್ಯಾನಿಲಯದ ಊರನ್ನು ಬೋಳಿಸುವ ಕೈಪಿಡಿ: ಮೈಸೂರು ಮಾದರಿ

ಬಳಸುವ ಮುನ್ನ ಪೂರ್ತಿ ಓದಿ. 1916ರ ಒಂದು ವಿಶ್ವವಿದ್ಯಾನಿಲಯ, 1864ರಲ್ಲಿ ಮುಮ್ಮಡಿ ಕೃಷ್ಣರಾಜರು ಕಟ್ಟಿಸಿದ ಒಂದು ಕೆರೆ, ಮಗ್ಗುಲಲ್ಲೊಂದು ಬೆಟ್ಟ, ರಸ್ತೆಯ ಇಕ್ಕೆಲದಲ್ಲಿ ಸಾಲುಮರ. ಇಷ್ಟೂ ಸುಸ್ಥಿತಿಯಲ್ಲಿ ಇವೆಯೇ ಎಂದು ಮೊದಲು ಪರೀಕ್ಷಿಸಿಕೊಳ್ಳಿ. ಯಾವುದಾದರೂ ಕಮ್ಮಿ ಬಿದ್ದರೆ ಗಾಬರಿ ಬೇಡ. ನಿಮಗಿಂತ ಮುಂಚೆ ಯಾರೋ ಕೈಹಚ್ಚಿದ್ದಾರೆ ಎಂದರ್ಥ.

ಕೆಲಸವನ್ನು ಮನೆಯಿಂದಲೇ ಶುರು ಮಾಡಿ. ಸರಸ್ವತಿಪುರಂ ಪ್ರಶಸ್ತ ಜಾಗ, ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಆವರಣಕ್ಕೆ ನಡೆದೇ ಹೋಗಬಹುದು. ಮುಂದೆ ಮಲ್ಲಿಗೆ ಚಪ್ಪರ, ಹಿಂದೆ ತೆಂಗು, ಸಪೋಟ ಇರುವ ಹಳೇ ಹೆಂಚಿನ ಮನೆ ಹುಡುಕಿ. ಮೇಷ್ಟ್ರು ತೀರಿಕೊಂಡಿರಬೇಕು, ಮಕ್ಕಳು ಹೊರದೇಶದಲ್ಲಿರಬೇಕು. ಮನೆ ಕೆಡವಿ ನಾಲ್ಕಂತಸ್ತಿನ ಪಿಜಿ ಎಬ್ಬಿಸಿ. ಸೆಟ್‌ಬ್ಯಾಕನ್ನು ನಕ್ಷೆಯಲ್ಲಿ ಧಾರಾಳವಾಗಿ ಬಿಡಿ, ನೆಲದಲ್ಲಿ ಬಿಡಬೇಕಾಗಿಲ್ಲ. ಗೇಟಿನ ಹೊರಗಿನ ಹೊಂಗೆಮರವನ್ನು ಸದ್ಯಕ್ಕೆ ಕಡಿಯಬೇಡಿ, ಕೆಲಸಕ್ಕೆ ಬರುತ್ತದೆ. ‘ವೈಫೈ, ಬಿಸಿನೀರು, ಮೂರು ಹೊತ್ತು ಊಟ’ ಎಂಬ ತಗಡನ್ನು ಅದಕ್ಕೆ ಹೊಡೆಯಿರಿ. ಎರಡು ವರ್ಷದಲ್ಲಿ ತೊಗಟೆ ಉಬ್ಬಿ ಮೊಳೆಯ ತಲೆಯನ್ನು ನುಂಗುತ್ತದೆ. ಆಮೇಲೆ ತಗಡನ್ನು ಕೀಳಬೇಕೆಂದರೂ ಆಗದು. ಬುಡಕ್ಕೆ ನಾಲ್ಕು ಬೆರಳು ಜಾಗವೂ ಬಿಡದೆ ಇಂಟರ್‌ಲಾಕ್ ಟೈಲ್ಸ್ ಕೂರಿಸಿ. ನೀರು ಇಳಿಯದೆ ಮರ ತಾನಾಗಿಯೇ ಒಣಗಿದ ಮೇಲೆ ‘ಅಪಾಯಕಾರಿ ಮರ’ ಎಂದು ಅರ್ಜಿ ಕೊಡಿ. ಈ ಅರ್ಜಿ ತಿರಸ್ಕೃತವಾದದ್ದು ನಾನಂತೂ ಕಂಡಿಲ್ಲ.

ಎಚ್ಚರಿಕೆ: ಕುಕ್ಕರಹಳ್ಳಿ ಕೆರೆಯನ್ನು ಯಾವ ಕಾರಣಕ್ಕೂ ಮುಟ್ಟಬೇಡಿ. ಕುವೆಂಪು ಅಡ್ಡಾಡಿದ ಕೆರೆ ಎಂಬ ಹೆಸರು ಬೇರೆ ಇದೆ. ಏರಿಯ ಮೇಲೆ ಬೆಳಗಾದರೆ ನಿವೃತ್ತ ಪ್ರೊಫೆಸರರು, ವಕೀಲರು, ಡಾಕ್ಟರರು ವಾಕಿಂಗ್ ಹೊರಟಿರುತ್ತಾರೆ. ಒಂದು ಮಂಕರಿ ಮಣ್ಣು ಸುರಿದರೂ ಸಂಜೆಯೊಳಗೆ ವಾಚಕರ ವಾಣಿಗೆ ಪತ್ರ ಹೋಗುತ್ತದೆ. ಆದರೆ ಕೆರೆಗೆ ನೀರು ತರುವ ಕಾಲುವೆಗಳ ಮೇಲೆ ಯಾರೂ ವಾಕಿಂಗ್ ಮಾಡುವುದಿಲ್ಲ. ಹಿನಕಲ್, ಬೋಗಾದಿ ಕಡೆಗೆ ನಡೆಯಿರಿ. ದಿವಾನ್ ಪೂರ್ಣಯ್ಯನವರ ಕಾಲದ ನಾಲೆ ಅಲ್ಲೆಲ್ಲೋ ಮುಳ್ಳುಗಿಡಗಳ ನಡುವೆ ಇದ್ದೀತು. ಅದರ ಅಂಚಿಗೆ ಸೈಟು ಗುರುತಿಸಿ, ಆಮೇಲೆ ಅಂಚನ್ನೇ ಸ್ವಲ್ಪ ಸರಿಸಿ. ಮೊದಲ ಜೋರು ಮಳೆಗೆ ನೀರು ನಡುಮನೆಗೆ ನುಗ್ಗುತ್ತದೆ. ಹೆದರಬೇಡಿ, ಇದು ದೋಷವಲ್ಲ. ನಿವಾಸಿಗಳ ಸಂಘದವರೇ ಮನವಿ ಹಿಡಿದು ಬಂದು ‘ಕಾಂಕ್ರೀಟ್ ಚರಂಡಿ ಮಾಡಿಸಿಕೊಡಿ ಸ್ವಾಮಿ’ ಎಂದು ಬೇಡಿಕೊಳ್ಳುತ್ತಾರೆ. ಕೆರೆ ಕೆರೆಯಾಗಿಯೇ ಉಳಿಯುತ್ತದೆ. ಅದಕ್ಕೆ ನೀರು ಎಲ್ಲಿಂದ ಬರಬೇಕು ಎಂಬುದು ಮುಂದಿನವರ ಯೋಚನೆ.

ಇನ್ನು ಸಾಲುಮರಗಳ ವಿಷಯ. ಇಲ್ಲಿ ಸ್ವಲ್ಪ ಲೆಕ್ಕ ಬರಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಆಮೇಲೆ ಸೇರಿಸಿದ ಒಂದು ನಿಯಮವಿದೆ: ಸಾರ್ವಜನಿಕ ಕಾಮಗಾರಿಗೆಂದು 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ವೃಕ್ಷ ಅಧಿಕಾರಿ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆ ಕೇಳಬೇಕು. ಇದನ್ನು ಮರ ಉಳಿಸುವ ನಿಯಮ ಎಂದು ಕೆಲವರು ಓದುತ್ತಾರೆ, ಪಾಪ. ನೀವು ಎಷ್ಟರವರೆಗೆ ಯಾರನ್ನೂ ಕೇಳಬೇಕಾಗಿಲ್ಲ ಎಂಬ ನಿಯಮ ಎಂದು ಓದಿಕೊಳ್ಳಿ. 2021ರಲ್ಲಿ ಲಲಿತಮಹಲ್ ಬಳಿ ಹೆಲಿಪ್ಯಾಡಿಗೆಂದು ಸಾವಿರಾರು ಮರಗಳನ್ನು ಒಂದೇ ಏಟಿಗೆ ಕೇಳಿದವರು ಏನಾದರು? ಆಕ್ಷೇಪಣೆಗಳ ಸುರಿಮಳೆಯಾಗಿ ಯೋಜನೆಯೇ ಕೊಚ್ಚಿಹೋಯಿತು. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆ ಅಗಲ ಮಾಡುವಾಗ ಉರುಳಿದ್ದು 40 ಮರ. ಪ್ರತಿಭಟನೆ ಅಲ್ಲೂ ನಡೆಯಿತು. ಆದರೆ ಅಷ್ಟರಲ್ಲಿ ಪ್ರತಿಭಟನಕಾರರು ನಿಂತುಕೊಳ್ಳಲು ನೆರಳಿರಲಿಲ್ಲ.

ಆದ್ದರಿಂದ ತುಂಡು ಮಾಡಿ ತಿನ್ನಿ. ಇಡೀ ಊರಿನ ಮರ ಬೇಕು ಎಂದು ಯಾರ ಬಾಯಲ್ಲೂ ಬರಬಾರದು. ಈ ವರ್ಷ ಒಂದು ರಸ್ತೆ, ಬರುವ ವರ್ಷ ಇನ್ನೊಂದು ವೃತ್ತ. ಪ್ರತಿ ತುಂಡಿಗೂ ಬೇರೆ ಬೇರೆ ಕಡತ ತೆರೆಯಿರಿ, ಸಾಧ್ಯವಾದರೆ ಬೇರೆ ಬೇರೆ ಇಲಾಖೆಯಲ್ಲಿ. ಊರು ಯಾವತ್ತು ಹೋಯಿತು ಎಂದು ಮುಂದೆ ಯಾರಾದರೂ ತಾರೀಖು ಹುಡುಕಹೊರಟರೆ ಸಿಕ್ಕಬಾರದು. ಎಲ್ಲ ಕಡತಗಳೂ ಸರಿಯಾಗಿರುತ್ತವೆ, ಅದೇ ಇದರ ಸೊಗಸು.

ಪಾರ್ಕುಗಳಿಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಓಪನ್ ಜಿಮ್, ಒಂದು ಪ್ರತಿಮೆ, ಉದ್ಘಾಟನೆಯ ಶಿಲಾಫಲಕ ಸೇರಿದರೆ ಹುಲ್ಲು ತಾನಾಗಿ ಜಾಗ ಖಾಲಿ ಮಾಡುತ್ತದೆ.

ಸಾಮಾನ್ಯ ತೊಂದರೆಗಳು. ಮಾರ್ಚ್‌ನಲ್ಲೇ ಸೆಖೆ ಎನಿಸಿದರೆ ಏಸಿ ಹಾಕಿಸಿ. ‘ನಮ್ಮ ಕಾಲದಲ್ಲಿ ಮೈಸೂರಿನ ಮನೆಗಳಿಗೆ ಫ್ಯಾನೇ ಬೇಕಿರಲಿಲ್ಲ’ ಎಂದು ಹಿರಿಯರು ಗೊಣಗಿದರೆ ಅವರ ಕೋಣೆಗೇ ಮೊದಲು ಹಾಕಿಸಿ. ಕಡಿದದ್ದಕ್ಕೆ ಬದಲಿ ಎಲ್ಲಿ ಎಂದು ಕೇಳಿದರೆ ಒಂದಕ್ಕೆ ಹತ್ತು ಸಸಿ ಎನ್ನಿ. ಎಲ್ಲಿ ನೆಡುತ್ತೀರಿ ಎಂದು ಎರಡನೇ ಪ್ರಶ್ನೆ ಬಂದರೆ ರಿಂಗ್ ರಸ್ತೆಯ ಆಚೆಗೆ ಕೈ ತೋರಿಸಿ. ಅಲ್ಲಿ ಈಗಾಗಲೇ ಲೇಔಟ್ ಆಗಿದ್ದರೆ ಕೈಯನ್ನು ಇನ್ನಷ್ಟು ಚಾಚಿ.

ಈ ಕೈಪಿಡಿಗೆ ಆಕ್ಷೇಪಣೆಗಳಿದ್ದಲ್ಲಿ ಹತ್ತು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಪುಟಗಳ ಸಂಖ್ಯೆ 50ನ್ನು ಮೀರದ ಕಾರಣ ಅವನ್ನು ಓದುವ ಬಾಧ್ಯತೆ ಪ್ರಕಾಶಕರಿಗಿಲ್ಲ.