ಮೂರನೇ ಮಹಡಿಯ ಪಾಚಿರಾಯರು

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋದರೂ ಒಬ್ಬ ಪಾಚಿರಾಯರು ಸಿಕ್ಕೇ ಸಿಗುತ್ತಾರೆ. ನಿವೃತ್ತಿಯ ಆಸುಪಾಸಿನ ವಯಸ್ಸು, ಮೊಣಕೈವರೆಗೆ ಮಡಚಿದ ಅಂಗಿ, ಸದಾ ಒದ್ದೆಯಾದ ಬಲಗೈ. ಕೈಕುಲುಕಿದವರು ಮನೆಗೆ ಹೋಗಿ ಸೋಪು ಹಾಕಿ ತೊಳೆದುಕೊಳ್ಳಬೇಕು. ಹಾಲಿನಲ್ಲಿ ಎರಡಡಿ ಉದ್ದದ, ಒಂದಡಿ ಅಗಲದ, ಒಂದಡಿ ಎತ್ತರದ ಗಾಜಿನ ತೊಟ್ಟಿ. ಮರಳು, ಕಲ್ಲು ಕಳೆದರೆ ಅದು ಹಿಡಿಯುವುದು ಹೆಚ್ಚೆಂದರೆ 50 ಲೀಟರ್, ಎಂದರೆ ಎರಡೂವರೆ ಕ್ಯಾನ್ ನೀರು. ಆ ನೀರಿನ ವಿಷಯದಲ್ಲಿ ರಾಯರು ಪಡುವ ಚಿಂತೆಯನ್ನು ಕನ್ನಂಬಾಡಿ ಕಟ್ಟೆಯ ಎಂಜಿನಿಯರುಗಳೂ ಪಟ್ಟಿರಲಾರರು.

ಅವರ ಮನೆಯಲ್ಲಿ ಕಾಫಿ ಸುಮ್ಮನೆ ಸಿಗುವುದಿಲ್ಲ. ಮೊದಲು ಸೀಗಡಿ ಹುಡುಕಬೇಕು. ಅಮಾನೋ ಸೀಗಡಿಯ ಮೈ ಗಾಜಿನಷ್ಟೇ ಪಾರದರ್ಶಕ, ಹಗಲಲ್ಲಿ ಅದು ಅವಿತುಕೊಳ್ಳುವುದೇ ಹೆಚ್ಚು. ಮೇಂಟೆನೆನ್ಸ್ ಹಣ ಕೇಳಲು ಹೋದ ಈ ಬರಹಗಾರನೂ ಮಂಡಿಯೂರಿ, ಕನ್ನಡಕವನ್ನು ಗಾಜಿಗೆ ಒತ್ತಿ ಎಣಿಸಿದ್ದುಂಟು. "ನಾಲ್ಕೇ ಅಂದ್ರಾ? ಆರಿವೆ ಸಾರ್, ಇನ್ನೊಂದ್ಸಲ ನೋಡಿ," ಎಂದು ಹಿಂದಿನಿಂದ ರಾಯರ ದನಿ. ಹುಟ್ಟಾ ಸಸ್ಯಾಹಾರಿಯೊಬ್ಬ ಸೀಗಡಿಗಾಗಿ ಇಷ್ಟು ಬೆವರಿದ್ದು ಅವನ ವಂಶದಲ್ಲಿ ಅದೇ ಮೊದಲಿರಬೇಕು.

ಆ ಸೀಗಡಿಗೆ ಹೆಸರು ಕೊಟ್ಟವರು ಜಪಾನಿನ ನೀಗಾಟದ ಛಾಯಾಗ್ರಾಹಕ ತಾಕಾಶಿ ಅಮಾನೋ (1954–2015). ತೊಟ್ಟಿಯೊಳಗೆ ಕಾಡು, ಬೆಟ್ಟ, ಬಯಲು ಬೆಳೆಸುವ ಕಲೆಗೆ ಜಗತ್ತಿನ ತುಂಬ ಶಿಷ್ಯರನ್ನು ಸಂಪಾದಿಸಿದ ಮನುಷ್ಯ. ಗಿಡದ ಮೇಲಿನ ಪಾಚಿ ಮೇಯಲು ಸೀಗಡಿಗಳನ್ನು ಬಿಡುವುದನ್ನು ರೂಢಿಗೆ ತಂದವರೂ ಅವರೇ. ಪಾಚಿರಾಯರು ತಮ್ಮನ್ನು ಅದೇ ಗುರುಪರಂಪರೆಯವರೆಂದು ಭಾವಿಸಿದ್ದಾರೆ. ಅಮಾನೋ ತೊಟ್ಟಿಯಲ್ಲಿ ಗಿಡಗಳು ಬೆಳೆಯುತ್ತಿದ್ದವು. ರಾಯರ ತೊಟ್ಟಿಯಲ್ಲಿರುವುದು ಪ್ಲಾಸ್ಟಿಕ್ ಗಿಡ. ಅದರ ಮೇಲೆ ಬೆಳೆಯುವುದು ಮಾತ್ರ ಅಸಲಿ.

ಪಾಚಿ ಯಾಕೆ ಬರುತ್ತದೆಂದು ರಾಯರಿಗೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಮೀನಿನ ಹೊಲಸು ಮತ್ತು ತಿನ್ನದೆ ಉಳಿದ ಆಹಾರ ಅಮೋನಿಯಾ ಆಗುತ್ತದೆ, ಅದನ್ನು ಬ್ಯಾಕ್ಟೀರಿಯಾಗಳು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್. ಅದಕ್ಕೆ ಬೆಳಕು ಸೇರಿದರೆ ಪಾಚಿಗೆ ಹಬ್ಬ. ಈ ಪಾಠವನ್ನು ಅವರು ಲಿಫ್ಟ್ ನೆಲಮಾಳಿಗೆಯಿಂದ ಮೂರನೇ ಮಹಡಿಗೆ ಏರುವಷ್ಟರಲ್ಲಿ ಮುಗಿಸಬಲ್ಲರು. ಪಾಠ ಹೇಳುತ್ತಲೇ ಬಾಗಿಲು ತೆಗೆದು, "ಪಾಪ, ಹಸಿದಿವೆ" ಎಂದು ಇನ್ನೊಂದು ಚಿಟಿಕೆ ಕಾಳು ಹಾಕುತ್ತಾರೆ. ತೊಟ್ಟಿಯ ದೀಪ ಬೆಳಗಿನ ಸುಪ್ರಭಾತದಿಂದ ರಾತ್ರಿಯ ವಾರ್ತೆಯವರೆಗೆ ಉರಿಯುತ್ತಿರುತ್ತದೆ.

ಹಾಗಾಗಿ ಅವರ ಪಾಲಿಗೆ ಪಾಚಿಯೆಂದರೆ ಇನ್ನೊಂದು ಪ್ರಾಣಿ ಕೊಳ್ಳಲು ಕಾರಣ. ತೊಟ್ಟಿ ಹೊಸದಾಗಿದ್ದಾಗ ಗಾಜಿಗೆ ಕಂದು ಪಾಚಿ ಹತ್ತಿತು. ಅದು ಡಯಾಟಂ, ಕೆಲವು ವಾರಗಳಲ್ಲಿ ಸಾಮಾನ್ಯವಾಗಿ ತಾನೇ ಹೋಗುವಂಥದ್ದು. ಆದರೆ ಅಂಗಡಿಯವನು "ಒಂದು ಸಕ್ಕರ್ ಹಾಕ್ಬಿಡಿ ಸಾರ್, ಎಲ್ಲಾ ಕ್ಲೀನು" ಎಂದ. ಬೆರಳುದ್ದದ ಮರಿ ಬಂತು. ಮೊದಲು ಶ್ರದ್ಧೆಯಿಂದ ಗಾಜು ನೆಕ್ಕಿತು. ಮೇಲಿಂದ ಬೀಳುವ ಕಾಳಿನ ರುಚಿ ಹತ್ತಿದ ಮೇಲೆ ಪಾಚಿಯ ಕಡೆ ತಿರುಗಿಯೂ ನೋಡಲಿಲ್ಲ. ಬೆಳೆಯಿತು. ಅಡಿಗಿಂತ ಉದ್ದ ಬೆಳೆಯಬಲ್ಲ ಜಾತಿ ಅದು. ಮುಕ್ಕಾಲಡಿ ಆಗುವಷ್ಟರಲ್ಲೇ ಒಂದಡಿ ಅಗಲದ ತೊಟ್ಟಿಯಲ್ಲಿ ತಿರುಗಿದರೆ ಬಾಲ ಬಡಿದು ಪ್ಲಾಸ್ಟಿಕ್ ಗಿಡಗಳು ಬುಡಸಮೇತ ಏಳುತ್ತಿದ್ದವು. ಮೈಗೆ ತಕ್ಕ ಹೊಲಸು, ಹೊಲಸಿಗೆ ತಕ್ಕ ಪಾಚಿ.

ಒಂದು ಭಾನುವಾರ ರಾಯರು ಆ ಮೀನನ್ನು ಬಕೆಟ್‌ನಲ್ಲಿಟ್ಟುಕೊಂಡು ಮನೆಮನೆಯ ಗಂಟೆ ಒತ್ತಿದರು. ಈ ಬರಹಗಾರ ಒಳಗಿದ್ದೂ ಬಾಗಿಲು ತೆಗೆಯಲಿಲ್ಲ. "ಕೆರೆಗೆ ಬಿಟ್ಬಿಡಿ ಸಾರ್," ಎಂದ ಗೇಟಿನ ವಾಚ್‌ಮನ್. ಅಂದು ಮಾತ್ರ ರಾಯರು ದೊಡ್ಡವರಾಗಿ ಕಂಡರು. ಬಕೆಟ್ ಕೆಳಗಿಟ್ಟು ಸಮಾಧಾನವಾಗಿ ವಿವರಿಸಿದರು: ಇದು ದಕ್ಷಿಣ ಅಮೆರಿಕದ ಮೀನು, ಮೈಮೇಲೆ ಕವಚ, ದಡದ ಮಣ್ಣು ಕೊರೆದು ಮೊಟ್ಟೆಯಿಡುತ್ತದೆ, ಹೀಗೆ ಯಾರೋ ಬಿಟ್ಟದ್ದೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಬೇರೂರಿ ಬೆಸ್ತರ ಬಲೆ ಹರಿಯುತ್ತಿದೆ. ಬಿಸಿಲಲ್ಲಿ ಆಟೋ ಹಿಡಿದು ಅಂಗಡಿಗೇ ವಾಪಸು ಒಯ್ದರು. ಅಂಗಡಿಯವನು ಬಿಡಿಗಾಸು ಕೊಡದೆ ಮೀನು ಇಳಿಸಿಕೊಂಡು, ಅದೇ ಬಕೆಟ್‌ಗೆ ಒಂದು ಚೈನೀಸ್ ಆಲ್ಗೀ ಈಟರ್ ಹಾಕಿ ಕಳಿಸಿದ.

ಅದು ದೊಡ್ಡದಾದ ಮೇಲೆ ಏಂಜಲ್ ಮೀನಿನ ಮೈಗಂಟಿ ಅದರ ಲೋಳೆ ಹೀರತೊಡಗಿತು. ಏಂಜಲ್‌ಗೆ ಗಾಯವಾಯಿತೆಂದು ತಾಮ್ರ ಬೆರೆತ ಔಷಧಿ ಹಾಕಿದರು. ತಾಮ್ರ ಸೀಗಡಿಗೆ ವಿಷ. ಮೊದಲ ತಂಡದ ಸೀಗಡಿಗಳು ತೀರಿಹೋದದ್ದು ಹಾಗೆ. ನೆರೈಟ್ ಬಸವನಹುಳುಗಳು ಗಾಜನ್ನು ನಿಜಕ್ಕೂ ಚೊಕ್ಕಟ ಮಾಡಿದವು. ಆದರೆ ಸಿಹಿನೀರಿನಲ್ಲಿ ಎಂದೂ ಒಡೆಯದ ಬಿಳಿ ಮೊಟ್ಟೆಗಳನ್ನು ಎಲ್ಲೆಂದರಲ್ಲಿ ಅಂಟಿಸಿದವು. ಈಗ ರಾಯರು ಕೆರೆಯುವುದು ಅವನ್ನು, ಹಳೆಯ ಎಟಿಎಂ ಕಾರ್ಡಿನಿಂದ.

ಹೋದ ಬೇಸಗೆಯಲ್ಲಿ ದಂಪತಿ ಮಗಳ ಮನೆಗೆ ಮೈಸೂರಿಗೆ ಹೋದರು. ಹೊರಡುವ ಮುಂಚೆ ರಾಯರ ಹೆಂಡತಿ, ಕರೆಂಟ್ ಬಿಲ್ಲಿನ ಸಿಟ್ಟಿಗೆ, ತೊಟ್ಟಿಯ ದೀಪ ಆರಿಸಿದರು. ಕಿಟಕಿಯ ಪರದೆ ಎಳೆದರು. ಕಾಳು ಹಾಕುವವರೂ ಇರಲಿಲ್ಲ. ವಾರ ಕಳೆದು ಬಂದು ನೋಡಿದರೆ ನೀರು ತಿಳಿಯಾಗಿತ್ತು, ಹೊಟ್ಟೆಗಿಲ್ಲದ ಸೀಗಡಿಗಳು ಪ್ಲಾಸ್ಟಿಕ್ ಎಲೆಗಳನ್ನೂ ಉಜ್ಜಿಟ್ಟಿದ್ದವು. "ನೋಡಿದ್ಯಾ ನನ್ನ ಸೀಗಡಿ!" ಎಂದರು ರಾಯರು. "ನೋಡ್ದೆ ರೀ," ಎಂದ ಆಕೆ ದೀಪಕ್ಕೆ ಟೈಮರ್ ತರಿಸಿ ದಿನಕ್ಕೆ ಆರು ಗಂಟೆಗೆ ಕಟ್ಟಿಹಾಕಿದರು.

ಆಮೇಲೆ ರಾಯರು ಸೊರಗಿದರು. ಕೆರೆಯಲು ಪಾಚಿಯಿಲ್ಲ, ಬೈಯಲು ಯಾರೂ ಇಲ್ಲ. ಮಕ್ಕಳು ಫೋನ್ ಮಾಡಿದರೆ ಅಮ್ಮನಿಗೆ ಕೊಡಿ ಎನ್ನುವ ಆ ಮನೆಯಲ್ಲಿ, ಅವರ ಹೆಜ್ಜೆಯ ಸದ್ದಿಗೆ ಮುಂದೆ ನುಗ್ಗಿ ಬರುವವು ತೊಟ್ಟಿಯ ಗಪ್ಪಿ ಮೀನುಗಳು ಮಾತ್ರ.

ಈಗ ಅವರ ಮನಸ್ಸು ಮಿಸ್ ಕೇರಳ ಮೀನಿನ ಮೇಲೆ. ಪಶ್ಚಿಮ ಘಟ್ಟದ ಹೊಳೆಗಳಲ್ಲಷ್ಟೇ ಹುಟ್ಟುವ, ಹೊಳೆಯಲ್ಲಿ ಅಪರೂಪವಾಗುತ್ತಿರುವ, ಕೆಂಪುಗೆರೆಯ ಸುಂದರಿ. ಸಾಕಿದರೆ ಗುಂಪಾಗಿ ಸಾಕಬೇಕು, ಓಡಾಡಲು ನಾಲ್ಕಡಿಯ ತೊಟ್ಟಿಯಾದರೂ ಬೇಕು. "ನಾಲ್ಕಡಿ ಎಲ್ಲಿಡ್ತೀರಿ?" ಎಂದು ಆಕೆ ಕೇಳಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತು. ಉತ್ತರ ಕೇಳಿಸಲಿಲ್ಲ. ಮರುದಿನ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಫೋಟೋ ಬಂತು: ಮೂರು ಜನ ಕೂರುವ ಸೋಫಾ, ಸುಸ್ಥಿತಿಯಲ್ಲಿದೆ, ಬೆಲೆ ಮಾತಾಡಿಕೊಳ್ಳಬಹುದು.