ರಾಯಚೂರು ಘರಾಣೆಯ ಗ್ರಾಫು

ಅಂಕಿಅಂಶಗಳನ್ನು ಕಣ್ಣಿಗೆ ಕಟ್ಟುವಂತೆ ಚಿತ್ರಿಸುವ ವಿದ್ಯೆ ಕಲಿಯಬೇಕೆಂದವರಿಗೆ ತಿಳಿದವರು ಅಮೆರಿಕದ ಎಡ್ವರ್ಡ್ ಟಫ್ಟಿ 1983ರಲ್ಲಿ ಬರೆದ ಪುಸ್ತಕ ಓದಲು ಹೇಳುತ್ತಾರೆ. ಸುತ್ತುಬಳಸಿನ ದಾರಿ. ಪ್ರಗತಿ ಪರಿಶೀಲನಾ ಸಭೆಯ ಹಿಂದಿನ ಸಂಜೆ ರಾಯಚೂರಿನ ಯಾವುದಾದರೂ ಕಚೇರಿಯಲ್ಲಿ ಪಿಪಿಟಿ ಮಾಡುವ ಹುಡುಗನ ಹಿಂದೆ ಒಂದು ತಾಸು ನಿಂತರೆ ಸಾಕು.

“ಕಂಬ ಗಿಡ್ಡ ಕಾಣ್ತದಲ್ಲೋ ತಮ್ಮಾ?” ಎನ್ನುತ್ತಾರೆ ಸಾಹೇಬರು.

“ಎತ್ತರ ಮಾಡ್ತೀನ್ರೀ ಸರ್.”

ಎರಡು ಕ್ಲಿಕ್ಕು. ಜಿಲ್ಲೆ ಮುಂದುವರಿದಿರುತ್ತದೆ.

ಈ ಎರಡು ಕ್ಲಿಕ್ಕಿನ ಮಹಿಮೆ ಸಣ್ಣದಲ್ಲ. 2001ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 48.81, 2011ರಲ್ಲಿ ಶೇ 59.56. ಸೊನ್ನೆಯಿಂದ ಕಂಬ ಎಬ್ಬಿಸಿದರೆ ಎರಡನೆಯದು ಮೊದಲಿನದಕ್ಕಿಂತ ಸುಮಾರು ಐದನೇ ಒಂದು ಪಾಲು ಮಾತ್ರ ಎತ್ತರ. ಇಷ್ಟಕ್ಕೆ ಯಾರು ಚಪ್ಪಾಳೆ ತಟ್ಟುತ್ತಾರೆ? ಅದೇ ಗ್ರಾಫನ್ನು 48ರಿಂದ ಶುರು ಮಾಡಿ ನೋಡಿ. ಮೊದಲ ಕಂಬ 0.81, ಎರಡನೆಯದು 11.56. ಹದಿನಾಲ್ಕು ಪಟ್ಟು! ಶಕ್ತಿನಗರದ ಚಿಮಣಿಯ ಹಾಗೆ ಎದ್ದು ನಿಲ್ಲುತ್ತದೆ. ಒಬ್ಬ ಮೇಷ್ಟ್ರನ್ನು ನೇಮಿಸಬೇಕಿಲ್ಲ, ಒಂದು ಶಾಲೆಯ ಹೆಂಚು ಬದಲಿಸಬೇಕಿಲ್ಲ. 2011ರ ಮಹಿಳಾ ಸಾಕ್ಷರತೆ ಶೇ 48.73 ಇತ್ತಲ್ಲ ಎಂದು ಕೆಲವರು ತಕರಾರು ತೆಗೆಯಬಹುದು. ಅದು 48ರ ಗೆರೆಯ ಮೇಲೆ ಕಣ್ಣಿಗೇ ಬೀಳದಷ್ಟು ಸಣ್ಣ ಕಂಬ. ಸ್ಲೈಡಿನ ಅಂದ ಕೆಡಿಸುತ್ತದೆಂದು ಕೈಬಿಡುವುದೇ ಸಂಪ್ರದಾಯ.

ಟಫ್ಟಿ ಸಾಹೇಬರು ಸುಳ್ಳನ್ನು ಅಳೆಯಲು ಒಂದು ಸೂತ್ರ ಮಾಡಿದ್ದಾರೆ. ಚಿತ್ರದಲ್ಲಿ ಕಾಣುವ ಏರಿಕೆಯನ್ನು ನಿಜವಾದ ಏರಿಕೆಯಿಂದ ಭಾಗಿಸಬೇಕು. ಉತ್ತರ ಒಂದು ಬಂದರೆ ಗ್ರಾಫು ಪ್ರಾಮಾಣಿಕ. ನಮ್ಮ ಕಂಬಕ್ಕೆ ಅರವತ್ತು ಬರುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಅದು ಪ್ರಥಮ ದರ್ಜೆ.

ಪೈ ಚಾರ್ಟಿನ ವಿಷಯದಲ್ಲೂ ನಾವು ಮೂಲಪುರುಷನನ್ನು ಮೀರಿಸಿದ್ದೇವೆ. 1801ರಲ್ಲಿ ವಿಲಿಯಂ ಪ್ಲೇಫೇರ್ ಬರೆದದ್ದು ಬರೀ ಚಪ್ಪಟೆ ವೃತ್ತ. ನಮ್ಮದು ತ್ರೀಡಿ. ಅದನ್ನು ಕೊಂಚ ವಾಲಿಸಿದರೆ ಮುಂದಿನ ಹೋಳು ಉಬ್ಬುತ್ತದೆ, ಹಿಂದಿನದು ಕುಗ್ಗುತ್ತದೆ. ಖರ್ಚಾದ ಅನುದಾನ ಮುಂದೆ, ಉಳಿದದ್ದು ಹಿಂದೆ. ಮಾರ್ಚ್ ತಿಂಗಳಲ್ಲಿ ಇದಕ್ಕಿಂತ ಪುಣ್ಯದ ಕೆಲಸ ಇನ್ನೊಂದಿಲ್ಲ.

ಆದರೆ ಘರಾಣೆಯ ನಿಜವಾದ ಸಾಧನೆ ನೋಡಬೇಕಿದ್ದರೆ ದೇವದುರ್ಗಕ್ಕೆ ಬನ್ನಿ. 2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 35 ಸೂಚಕಗಳನ್ನಿಟ್ಟುಕೊಂಡು ರಾಜ್ಯದ ತಾಲ್ಲೂಕುಗಳನ್ನೆಲ್ಲ ತೂಗಿತು. ರಾಜ್ಯದ ಸರಾಸರಿ 1. ದೇವದುರ್ಗಕ್ಕೆ ಸಿಕ್ಕಿದ್ದು 0.53, ಎಲ್ಲರಿಗಿಂತ ಕೊನೆ. ಸಮಿತಿಗೆ ಅರ್ಥಶಾಸ್ತ್ರ ಗೊತ್ತಿತ್ತು, ಚಿತ್ರಕಲೆ ಗೊತ್ತಿರಲಿಲ್ಲ. ಇಲ್ಲದಿದ್ದರೆ ತಾಲ್ಲೂಕುವಾರು ಲೆಕ್ಕಕ್ಕೆ ಯಾರಾದರೂ ಕೈಹಾಕುತ್ತಾರೆಯೇ? ನಕ್ಷೆಗೆ ಜಿಲ್ಲಾವಾರು ಬಣ್ಣ ಹಚ್ಚಿದರೆ ದೇವದುರ್ಗ ರಾಯಚೂರಿನೊಳಗೆ ಕರಗುತ್ತದೆ. ವಿಭಾಗವಾರು ಹಚ್ಚಿದರೆ ರಾಯಚೂರೇ ಕರಗುತ್ತದೆ. ರಾಜ್ಯಕ್ಕೆಲ್ಲ ಒಂದೇ ಬಣ್ಣ ಬಳಿದರೆ ದೇವದುರ್ಗದ ಜೋಪಡಿಗೂ ಬೆಂಗಳೂರಿನ ಕಳೆ. ಬಣ್ಣ ಮಾತ್ರ ಕೆಂಪು ಬೇಡ, ಮಂತ್ರಿಗಳು ಗಾಬರಿಯಾಗುತ್ತಾರೆ. ಕಡುಹಸಿರು, ಹಸಿರು, ತಿಳಿಹಸಿರು ಸಾಕು.

ದಿಲ್ಲಿಯವರಿಗೂ ಈ ರುಚಿ ಹತ್ತಿದೆ. 2018ರಲ್ಲಿ ನೀತಿ ಆಯೋಗ ಕರ್ನಾಟಕದಿಂದ ರಾಯಚೂರು, ಯಾದಗಿರಿಗಳನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳೆಂದು ಆರಿಸಿ ‘ಡೆಲ್ಟಾ ರ‍್ಯಾಂಕ್’ ಕೊಡಲು ಶುರು ಮಾಡಿತು. ಎಲ್ಲಿದ್ದೀರಿ ಎಂದು ಕೇಳುವುದಿಲ್ಲ, ಎಷ್ಟು ಸರಿದಿರಿ ಎಂದಷ್ಟೇ ನೋಡುತ್ತದೆ. ತಳದಲ್ಲಿದ್ದವರಿಗೆ ಮೇಲೆ ಸರಿಯಲು ಬೇಕಾದಷ್ಟು ಜಾಗ. ಮುಂದುವರಿದ ಜಿಲ್ಲೆಗಳಿಗೆ ಈ ಭಾಗ್ಯ ಎಲ್ಲಿಂದ ಬರಬೇಕು?

ಇಷ್ಟೆಲ್ಲ ಸಾಧಿಸಿದ ಜಿಲ್ಲೆಯಲ್ಲಿ ಒಂದೇ ಒಂದು ಗ್ರಾಫು ಇನ್ನೂ ಹಳೆಯ ಕಾಲದಲ್ಲೇ ನಿಂತಿದೆ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರು ಉದ್ದ. ಮಾನ್ವಿ, ರಾಯಚೂರು ಅದರ ಕೆಳಭಾಗ. ಜಲಾಶಯದಿಂದ ಎಷ್ಟು ಕ್ಯೂಸೆಕ್ ಬಿಟ್ಟೆವೆಂಬ ಸ್ಲೈಡು ಸಭೆಯಲ್ಲಿ ಚೆನ್ನಾಗಿಯೇ ಇರುತ್ತದೆ. ಮಾನ್ವಿಯ ರೈತ ಅದನ್ನು ನೋಡುವುದಿಲ್ಲ. ಕಾಲುವೆಯ ಪಕ್ಕದ ಗೋಡೆಗೆ ಅಡಿ, ಇಂಚು ಬರೆದ ಗೇಜ್ ಪಟ್ಟಿ ಇರುತ್ತದಲ್ಲ, ಅದನ್ನು ನೋಡುತ್ತಾನೆ. ಬಣ್ಣವಿಲ್ಲ, ತ್ರೀಡಿ ಇಲ್ಲ, ಸರಾಸರಿಯೂ ಇಲ್ಲ. ಮೇಲಾಗಿ ತಳದಲ್ಲಿ ಸೊನ್ನೆಯಿಂದಲೇ ಶುರುವಾಗುತ್ತದೆ. ಅದನ್ನು ಓದಿಕೊಂಡು “ಗೇಜ್ ಬಂದಿಲ್ಲ” ಎಂದು ರಸ್ತೆಗೆ ಟ್ರ್ಯಾಕ್ಟರ್ ಅಡ್ಡ ನಿಲ್ಲಿಸುತ್ತಾನೆ.

ಸಂಬಂಧಪಟ್ಟವರಲ್ಲಿ ನನ್ನದೊಂದು ಮನವಿ. ಒಂದು ಡಬ್ಬಿ ಪೇಂಟು ತರಿಸಿ, ಆ ಪಟ್ಟಿಯ ತಳದಲ್ಲಿ ಸೊನ್ನೆ ಅಳಿಸಿ ಐದು ಎಂದು ಬರೆಸಿಬಿಡಿ. ಮುಂದೆ ಕಾಲುವೆ ಪೂರಾ ಒಣಗಿದ ದಿನವೂ ಮಾನ್ವಿಯಲ್ಲಿ ಐದಡಿ ನೀರಿರುತ್ತದೆ.